ಅರೆಯಬಾರದ ಕಾಳು

ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನಲ್ಲಿ ಕನ್ನಡದ ದುಡಿಯುವ ಮಂದಿಯ ಒಂದು ಓಣಿ. ಅಲ್ಲಿ ಯಾರಿಗೆ ಏನೇ ಜಡ್ಡು ಬಂದರೂ ಮೊದಲು ಹೋಗುತ್ತಿದ್ದುದು ಸಾಬಣ್ಣನ ಮನೆಗೆ. ಸಾಬಣ್ಣ ಡಾಕ್ಟರನಲ್ಲ, ಕಂಪೌಂಡರನೂ ಅಲ್ಲ. ಸುರಪುರದ ಕಡೆಯಿಂದ ದುಡಿಯಲು ಬಂದು, ಊರಾಚೆಯ ಒಂದು ಔಷಧ ಕಾರ್ಖಾನೆಯಲ್ಲಿ ಚೀಲ ಹೊರುವ ಕೆಲಸ ಹಿಡಿದವನು. ಆದರೆ ಮೈಮೇಲೆ ಕಾರ್ಖಾನೆಯ ನೀಲಿ ಅಂಗಿ ಇತ್ತು, ಕೊರಳಲ್ಲಿ ಫೋಟೊ ಇರುವ ಕಾರ್ಡು ಇತ್ತು. ಓಣಿಯ ಮಂದಿಗೆ ಅಷ್ಟು ಸಾಕಾಗಿತ್ತು. "ಸಾಬಣ್ಣಗ ಕೇಳ್ರಿ, ಅಂವ ದಿನಾ ಔಷಧದಾಗ ಇರ್ತಾನ" ಎನ್ನುತ್ತಿದ್ದರು. ಸಾಬಣ್ಣನೂ ಬೇಡವೆನ್ನುತ್ತಿರಲಿಲ್ಲ. ಗುಳಿಗೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಇದು ಗರಮ್ ಮಾಲು. ಮಜ್ಜಿಗಿ ಜೋಡಿ ತಗೋ" ಎಂದು ಅಪ್ಪಣೆ ಕೊಡುತ್ತಿದ್ದ.

ಅವನು ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಿಮಗೆ ಅವನ ಮೇಲೆ ಸಿಟ್ಟು ಬರಬಹುದು. ಈ ಸಂಗತಿ ಕೇಳಿದಾಗ ನನಗೂ ಬಂದಿತ್ತು.

ಸಾಬಣ್ಣನ ಹೆಂಡತಿ ಸುಗಲಮ್ಮ. ಮಾಧಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ ಅದು. ಪಕ್ಕದ ಮನೆಯ ಶಿವದೇವಿಯ ಜೊತೆ ದಿನಾ ಬೆಳಿಗ್ಗೆ ಲಾರಿ ಹತ್ತಿ ಅಲ್ಲಿಗೆ ಹೋಗಿ, ಸಿಮೆಂಟು ಜರಡಿ ಹಿಡಿದು, ಸಂಜೆ ಬೂದಿ ಬಳಿದುಕೊಂಡವಳ ಹಾಗೆ ಮರಳುತ್ತಿದ್ದಳು. ಮೂರು ವರ್ಷ ಹೀಗೆ ಕಳೆಯಿತು. ನಾಲ್ಕನೆಯ ವರ್ಷಕ್ಕೆ ದಮ್ಮು ಹತ್ತಿತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಎದೆಯೊಳಗೆ ಬೆಕ್ಕು ಗುರುಗುಟ್ಟಿದಂತೆ ಸದ್ದಾಗುತ್ತಿತ್ತು. ಮಾತಾಡುತ್ತ ಮಾತಾಡುತ್ತ ನಡುವೆ ನಿಲ್ಲಿಸಿ, ಗೋಡೆ ಹಿಡಿದು, ಕೈಸನ್ನೆಯಲ್ಲಿ "ತಡಿ" ಎನ್ನುತ್ತಿದ್ದಳು.

ಸರ್ಕಾರಿ ದವಾಖಾನೆಯ ಡಾಕ್ಟರು ಪರೀಕ್ಷೆ ಮಾಡಿ ಒಂದು ಗುಳಿಗೆ ಬರೆದುಕೊಟ್ಟರು. ಗುಳಿಗೆ ಎಂದರೆ ಕ್ಯಾಪ್ಸೂಲು. ಅರ್ಧ ಪಾರದರ್ಶಕ, ಒಳಗೆ ಗಸಗಸೆಗಿಂತ ತುಸು ದಪ್ಪನಾದ ಬಿಳಿ ಕಾಳುಗಳು. ಬೆಳಿಗ್ಗೆ ಒಂದು, ರಾತ್ರಿ ಒಂದು. "ಇಡಿಯಾಗಿ ನುಂಗಬೇಕು" ಎಂದು ಡಾಕ್ಟರು ಹೇಳಿದ್ದರು. ಧೂಳಿನ ಕೆಲಸ ಬಿಡಲೂ ಹೇಳಿದ್ದರು. ಸುಗಲಮ್ಮ ಜರಡಿ ಬಿಟ್ಟು ಮನೆಯಲ್ಲಿ ಕುಳಿತಳು. ಹದಿನೈದು ದಿನದಲ್ಲಿ ಉಸಿರು ಎಷ್ಟೋ ಹಗುರಾಯಿತು. ಆದರೆ ಅವಳಿಗೆ ಒಂದೇ ಅಸಮಾಧಾನ. ಗುಳಿಗೆ ನುಂಗಿದ ಕೂಡಲೇ ಏನೂ ಆಗುತ್ತಿರಲಿಲ್ಲ.

ಒಂದು ಶನಿವಾರ ರಾತ್ರಿ ಶಿವದೇವಿ ಬಾಗಿಲಲ್ಲಿ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಸುಗಲಮ್ಮ ಹೇಳಿದಳು:

"ಗುಳಿಗಿ ನುಂಗಿ ತಾಸ ಆತು. ಹೊಟ್ಯಾಗ ಏನ ಮಾಡಾಕತ್ತೈತೋ ಅದು. ಹಾದಿ ಮರತೈತೋ ಏನೋ."

"ಸಾವಕಾಶ ಕೆಲಸ ಮಾಡತೈತಿ ಬಿಡಬೇ. ಮೊದಲಿಗಿಂತ ನಿನಗ ಭಾಳ ಆರಾಮ ಐತಿ ಈಗ. ನಿನ್ನಿ ನೀನ ನೀರ ತಂದಿ, ನಾ ನೋಡೀನಿ."

ಒಳಗಿನಿಂದ ಸಾಬಣ್ಣ ಬಂದ. ಅವನಿಗೆ ಈ ಮಾತು ಸರಿ ಬರಲಿಲ್ಲ.

"ಸಾವಕಾಶ ಯಾಕ ಮಾಡಬೇಕು? ಇದರೊಳಗ ಏನೈತಿ ಅನ್ನೂದು ನನಗ ಗೊತ್ತೈತಿ. ಸಕ್ಕರಿ ಐತಿ."

"ಸಕ್ಕರಿ?" ಶಿವದೇವಿ ಸೊಪ್ಪು ಕೈಬಿಟ್ಟಳು.

"ಖಾಲಿ ಸಕ್ಕರಿ ಕಾಳು. ನಮ್ಮ ಕಂಪನಿಗೆ ಚೀಲಗಟ್ಟಲೆ ಬರ್ತೈತಿ, ನಾನ ಹೊತ್ತು ಹಾಕ್ತೀನಿ. ದೊಡ್ಡದೊಂದು ಸ್ಟೀಲಿನ ಹಂಡೆ ಗರಗರ ತಿರಗತೈತಿ. ಅದರಾಗ ಕಾಳ ಸುರವ್ತಾರ. ಮ್ಯಾಲೆ ಔಷಧದ ನೀರ ಹೊಡೀತಾರ, ಬಿಸಿ ಗಾಳಿ ಬಿಡತಾರ. ಆಮ್ಯಾಲೆ ಮತ್ತೊಂದು ಎಂಥದೋ ಬಣ್ಣ ಹೊಡೀತಾರ, ಹೊಳಪು ಬರಲಿ ಅಂತ. ಹನ್ನೆರಡು ತಾಸ ಇದ ನಡೀತೈತಿ. ಅಂದ್ರ ಏನಾತು? ಒಳಗ ಸಕ್ಕರಿ, ಹೊರಗ ಸಿಪ್ಪಿ, ನಡುವ ಔಷಧ ಸಿಕ್ಕಿ ಬಿದ್ದೈತಿ. ಸಿಪ್ಪಿ ಒಡದು ಕೊಟ್ರ ಔಷಧ ಪಟ್ಟಂತ ಹತ್ತತೈತಿ."

"ಡಾಕ್ಟರು ಇಡೀದು ನುಂಗು ಅಂದಾರಲ್ಲೋ ಸಾಬಣ್ಣ."

"ಡಾಕ್ಟರು ಹಂಡೆ ನೋಡ್ಯಾರೇನು? ನಾ ನೋಡೀನಿ."

ಶಿವದೇವಿ ಮತ್ತೆ ಸೊಪ್ಪು ಕೈಗೆತ್ತಿಕೊಂಡಳು. ಸಾಬಣ್ಣ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದ. ಅವನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೇ ಆಗಿತ್ತು, ಅದೇ ತೊಂದರೆ. ಪೂರ್ತಿ ಸುಳ್ಳನ್ನು ಯಾರಾದರೂ ಅನುಮಾನಿಸುತ್ತಾರೆ. ಮುಕ್ಕಾಲು ನಿಜವನ್ನು ಮನೆ ಮಂದಿಯೆಲ್ಲ ನಂಬುತ್ತಾರೆ.

ಮರುದಿನ ಭಾನುವಾರ. ಬೆಳಿಗ್ಗೆ ಸಾಬಣ್ಣ ಕ್ಯಾಪ್ಸೂಲು ಬಿಚ್ಚಿ, ಕಾಳುಗಳನ್ನು ಚಟ್ನಿ ಅರೆಯುವ ಕಲ್ಲಿನ ಮೇಲೆ ಸುರಿದು, ಚೆನ್ನಾಗಿ ಅರೆದ. ನುಣ್ಣಗೆ ಹಿಟ್ಟಾಯಿತು. ಒಂದು ಚೂರು ಬೆಲ್ಲ ಕಲಸಿ ಹೆಂಡತಿಯ ಕೈಗೆ ಕೊಟ್ಟ. ಅದರಲ್ಲಿ ಅವನ ಪ್ರೀತಿ ಇತ್ತು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಕಹಿ ಆದೀತೆಂದು ಬೆಲ್ಲವನ್ನು ತುಸು ಹೆಚ್ಚೇ ಹಾಕಿದ್ದ.

ಅರ್ಧ ಗಂಟೆಯಲ್ಲಿ ಸುಗಲಮ್ಮನ ಎದೆ ಬಿಚ್ಚಿಕೊಂಡಿತು. "ಅಯ್ಯ, ಖರೇನ ಆರಾಮ ಆತು" ಎಂದಳು. ಸಾಬಣ್ಣ ಓಣಿಗೆಲ್ಲ ಕೇಳುವಂತೆ ಕೆಮ್ಮಿದ. ಎದುರುಮನೆಯಲ್ಲಿದ್ದ, ಬಿ.ಪಿ. ಇರುವ ಮುದುಕ ಕಲ್ಯಾಣಪ್ಪನಿಗೆ ಅಲ್ಲಿಂದಲೇ ಕೂಗಿ ಹೇಳಿದ: "ಕಾಕಾ, ನಿಮ್ಮ ಬಿ.ಪಿ. ಗುಳಿಗಿನೂ ಅರದು ತಗೋರಿ. ಇಡೀದು ನುಂಗಿದ್ರ ಅರ್ಧ ಔಷಧ ದಂಡ."

ಮಧ್ಯಾಹ್ನದ ಹೊತ್ತಿಗೆ ಸುಗಲಮ್ಮನ ಕೈ ಸಣ್ಣಗೆ ನಡುಗತೊಡಗಿತು. ಎದೆ ಡವಡವ ಎನ್ನುತ್ತಿತ್ತು. ಹೊಟ್ಟೆ ತೊಳೆಸಿದಂತಾಗಿ ಊಟ ಸೇರಲಿಲ್ಲ. ಎದೆ ಜೋರಾಗಿ ಬಡಿದುಕೊಂಡರೆ ದಮ್ಮು ಏರುತ್ತಿದೆ ಎಂದೇ ಅವಳಿಗೆ ಗೊತ್ತು. ಗಂಡನಿಗೂ ಹಾಗೆಯೇ ಗೊತ್ತು. ಅವನು ಇನ್ನೊಂದು ಕ್ಯಾಪ್ಸೂಲು ಬಿಚ್ಚಿ ಅರೆದುಕೊಟ್ಟ. ಒಂದು ಗಂಟೆ ಕಳೆಯಿತು, ನಡುಕ ಹೆಚ್ಚಾಯಿತು. "ದಮ್ಮ ಭಾಳ ಜೋರ ಐತಿ ಇವತ್ತ" ಎಂದು ಎರಡನ್ನು ಒಟ್ಟಿಗೆ ಅರೆದ. ಹಗಲು ಮುಗಿಯುವ ಮೊದಲೇ ಎರಡು ದಿನದ ಔಷಧ ಅವಳ ಹೊಟ್ಟೆಯಲ್ಲಿತ್ತು. ಅದೂ ಒಂದೇ ಸಲಕ್ಕೆ ರಕ್ತಕ್ಕೆ ಇಳಿಯುವಂತೆ ಹಿಟ್ಟಾಗಿತ್ತು.

ನಾಲ್ಕು ಗಂಟೆಗೆ ಸುಗಲಮ್ಮ ವಾಂತಿ ಮಾಡಿಕೊಂಡಳು. ಮತ್ತೆ ಮಾಡಿಕೊಂಡಳು. ತುಟಿ ಒಣಗಿತ್ತು, ಕಣ್ಣು ದೊಡ್ಡದಾಗಿತ್ತು. ಶಿವದೇವಿ ಬಂದು ಅವಳ ಕೈ ಹಿಡಿದಳು. ಹಿಡಿದ ಕೈಯಲ್ಲೇ ಅವಳ ನಾಡಿ ಓಡುತ್ತಿರುವುದು ತಿಳಿಯುತ್ತಿತ್ತು.

"ಏಳೋ ಸಾಬಣ್ಣ. ಆಟೋ ಕರಿ. ಇದು ದಮ್ಮಲ್ಲ, ಬ್ಯಾರೆ ಏನೋ ಐತಿ."

"ಇನ್ನೊಂದು ಗುಳಿಗಿ..."

"ಇನ್ನೊಂದು ಅಂದ್ರ ನಿನ್ನ ಕಲ್ಲ ಎತ್ತಿ ಮೋರಿಗೆ ಒಗೀತೀನಿ. ಆಟೋ ಕರಿ."

ದವಾಖಾನೆಯಲ್ಲಿ ಭಾನುವಾರದ ಡ್ಯೂಟಿಯಲ್ಲಿದ್ದವರು ಒಬ್ಬ ತರುಣ ಡಾಕ್ಟರು, ಮತ್ತೆ ನರ್ಸ್ ಗೋದಾಬಾಯಿ. ಗೋದಾಬಾಯಿ ಬೀದರಿನವಳು. ಇಪ್ಪತ್ತು ವರ್ಷದಿಂದ ಹೈದರಾಬಾದಿನಲ್ಲಿದ್ದರೂ ಕನ್ನಡದ ಬಾಯಿ ಕಂಡರೆ ಅವಳ ತೆಲುಗು ತಾನಾಗಿ ಹಿಂದೆ ಸರಿಯುತ್ತಿತ್ತು. ಡಾಕ್ಟರು ಕೊಳವೆ ಇಟ್ಟು ಎದೆ ಕೇಳಿದರು. ಗುರುಗುರು ಸದ್ದು ಇತ್ತು. ದಮ್ಮಿನ ಹಳೆಯ ಚೀಟಿ ನೋಡಿದರು. ಇವತ್ತು ಗುಳಿಗೆ ಎಷ್ಟು ಕೊಟ್ಟಿರಿ ಎಂದು ತೆಲುಗಿನಲ್ಲಿ ಕೇಳಿದರು.

ಸಾಬಣ್ಣನ ಕೊರಳಲ್ಲಿ ಕಾರ್ಖಾನೆಯ ಕಾರ್ಡು ಇತ್ತು. ಗಡಿಬಿಡಿಯಲ್ಲೂ ಅದನ್ನು ಹಾಕಿಕೊಂಡೇ ಬಂದಿದ್ದ. ಹಾಸಿಗೆಯ ಸುತ್ತ ನಾಲ್ಕಾರು ಜನ ನಿಂತಿದ್ದರು. ಅವರಲ್ಲಿ ಇಬ್ಬರು ಅವನ ಓಣಿಯವರೇ.

"ಒಂದು" ಎಂದ. "ಮುಂಜಾನೆ."

ಎಷ್ಟು ಅರೆದಿದ್ದನೆಂಬ ಲೆಕ್ಕ ಶಿವದೇವಿಗೂ ಸರಿಯಾಗಿ ಗೊತ್ತಿರಲಿಲ್ಲ, ಅವಳು ಅವನ ಮುಖ ನೋಡಿದಳು. ಅವನು ನೆಲ ನೋಡಿದ.

ಡಾಕ್ಟರು ಒಂದು ಇಂಜೆಕ್ಷನ್ನಿನ ಹೆಸರು ಹೇಳಿದರು. ಗೋದಾಬಾಯಿ ಸಣ್ಣ ಗಾಜಿನ ಶೀಸೆಯ ಕತ್ತು ಮುರಿದು ಔಷಧ ಸೂಜಿಗೆ ಎಳೆದಳು. ಸುಗಲಮ್ಮ ಸೂಜಿ ನೋಡಿ ಕೈ ಹಿಂದೆಳೆದಳು. ಗೋದಾಬಾಯಿ ಸಮಾಧಾನ ಹೇಳಿದಳು:

"ಅಂಜಬ್ಯಾಡವ್ವ. ನಿನ್ನ ಗುಳಿಗಿ ಜಾತಿದ್ದ ಐತಿ ಇದು. ಅದ ಔಷಧ, ಸೂಜಿಲೇ ಕೊಡಾಕತ್ತೀನಿ. ಒಂದು ಗುಳಿಗಿ ಅಷ್ಟ ಹೋಗೈತಲ್ಲ, ಇದು ನಡೀತೈತಿ."

ಅದೇ ಔಷಧ. ಆ ಮಾತು ಸಾಬಣ್ಣನ ಕಿವಿಗೆ ಬಿತ್ತು. ನಾಲ್ಕು ಕ್ಯಾಪ್ಸೂಲಿನ ಹಿಟ್ಟಿನ ಮೇಲೆ ಇನ್ನೂ ಒಂದಿಷ್ಟು. ಹೆಂಡತಿಯ ಕೈಯಲ್ಲಿ ನೀಲಿ ನರ ಕುಣಿಯುತ್ತಿತ್ತು, ಗೋದಾಬಾಯಿ ಅದರ ಮೇಲೆ ಹತ್ತಿ ಉಜ್ಜುತ್ತಿದ್ದಳು. ಸೂಜಿ ನಾಲ್ಕು ಬೆರಳು ದೂರದಲ್ಲಿತ್ತು.

ಸಾಬಣ್ಣ ತನ್ನ ಅಂಗೈಯನ್ನು ನಡುವೆ ಅಡ್ಡ ಹಿಡಿದ.

"ಬಾಯೀ, ತಡೀರಿ. ಒಂದಲ್ರಿ. ನಾಕು."

"ಏನಂದ್ರಿ?"

"ನಾಕು ಕೊಟ್ಟೀನ್ರಿ. ಎಲ್ಲಾ ಅರದು ಕೊಟ್ಟೀನಿ. ಕಲ್ಲಮ್ಯಾಲೆ ಹಿಟ್ಟ ಮಾಡಿ, ಬೆಲ್ಲ ಹಾಕಿ. ಜಲ್ದಿ ಹತ್ತಲಿ ಅಂತ. ನಾ ಸುಳ್ಳ ಹೇಳಿದೆ."

ಗೋದಾಬಾಯಿ ಸೂಜಿಯನ್ನು ತಟ್ಟೆಗೆ ಹಾಕಿ, ಅವನು ಹೇಳಿದ್ದನ್ನು ಡಾಕ್ಟರಿಗೆ ತೆಲುಗಿನಲ್ಲಿ ಹೇಳಿದಳು. ಡಾಕ್ಟರು ಮೊದಲು ಬೈದರು. ಸಾಬಣ್ಣನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು. ಅವತ್ತು ಬರದಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನಿಸಿತು.

ಆಮೇಲೆ ಎಲ್ಲ ಬೇರೆಯೇ ನಡೆಯಿತು. ಮೂಗಿಗೆ ಆಮ್ಲಜನಕ ಬಂತು. ಕೈಗೆ ಸಲೈನ್ ಬಂತು. ಎದೆಗೆ ತಂತಿ ಅಂಟಿಸಿ ಕಾಗದದ ಮೇಲೆ ಗೆರೆ ತೆಗೆದರು. ವಾಂತಿ ನಿಲ್ಲುವ ಔಷಧ ಕೊಟ್ಟು, ಇದ್ದಿಲ ಪುಡಿ ಕಲಸಿದ ಕರಿ ನೀರನ್ನು ಕುಡಿಸಿದರು. ಹೊಟ್ಟೆಯಲ್ಲಿ ಉಳಿದ ಔಷಧವನ್ನು ಅದು ಹಿಡಿದಿಟ್ಟುಕೊಂಡು ಹೊರಗೆ ಒಯ್ಯುತ್ತದೆಯಂತೆ. ಸುಗಲಮ್ಮನ ಹಲ್ಲು, ತುಟಿ ಎಲ್ಲ ಕಪ್ಪಾದವು. ನಡುಕ ಕೂಡಲೇ ಇಳಿಯಲಿಲ್ಲ. ಸಾಬಣ್ಣ ಹಾಸಿಗೆಯ ಕಾಲು ಹಿಡಿದು ನೆಲದ ಮೇಲೆ ಕುಳಿತ. ಹೆಂಡತಿಯ ಎದೆ ಏರುವುದನ್ನೂ ಇಳಿಯುವುದನ್ನೂ ಎಣಿಸುತ್ತ ಕುಳಿತ, ಒಂದು ಸಲ ಇಳಿದದ್ದು ಮತ್ತೆ ಏರುವವರೆಗೆ ತನ್ನ ಉಸಿರನ್ನೂ ಹಿಡಿಯುತ್ತಿದ್ದ.

ಡ್ಯೂಟಿ ಮುಗಿಸಿ ಹೊರಡುವಾಗ ಗೋದಾಬಾಯಿ ಅವನ ಹತ್ತಿರ ನಿಂತಳು.

"ನಾಡಿ ಇಳದೈತಿ. ಉಳದಾಳ ನಿಮ್ಮ ಹೆಂಡ್ತಿ. ಆ ಸೂಜಿ ಹೋಗಿದ್ರ ಫಿಟ್ಸ್ ಬರ್ತಿತ್ತು, ಇಲ್ಲಾ ಎದಿನ ನಿಲ್ತಿತ್ತು. ಖರೇ ಹೇಳಿದ್ರಿ, ಛಲೋ ಮಾಡಿದ್ರಿ."

"ನಾ ಔಷಧ ಕಂಪನ್ಯಾಗ ಕೆಲಸ ಮಾಡ್ತೀನ್ರಿ ಬಾಯಿ" ಎಂದ ಸಾಬಣ್ಣ. "ಆ ಕಾಳ ದಿನಾ ನೋಡ್ತೀನಿ."

"ಹಂಗಿದ್ರ ನಿಮ್ಮ ಕಂಪನ್ಯಾಗ ಕೇಳ್ರಲ್ಲ, ಆ ಸಿಪ್ಪಿ ಯಾಕ ಹಚ್ಚತಾರ ಅಂತ. ಚೀಲ ಹೊರೂ ಮಂದಿ ಕೇಳಬಾರದು ಅಂತ ಕಾಯ್ದೆ ಐತೇನು?"

ಮಂಗಳವಾರ ಸಾಬಣ್ಣ ಕೆಲಸಕ್ಕೆ ಹೋದ. ಊಟದ ಬಿಡುವಿನಲ್ಲಿ ಪ್ರಯೋಗಾಲಯದ ಗಾಜಿನ ಬಾಗಿಲ ಮುಂದೆ ಹೋಗಿ ನಿಂತ. ಅಲ್ಲಿ ಗಾನವಿ ಎಂಬ ಮೈಸೂರಿನ ಹುಡುಗಿ ಇದ್ದಳು. ಗೇಟಿನ ಬಳಿ ಫೋನಿನಲ್ಲಿ ತಾಯಿಯ ಜೊತೆ ಕನ್ನಡ ಮಾತಾಡುವುದನ್ನು ಅವನು ಕೇಳಿದ್ದ. ಔಷಧದ ಸೂಕ್ಷ್ಮ ಕಣಗಳ ಮೇಲೆ ಅವಳು ಸಂಶೋಧನೆ ಮಾಡುತ್ತಿದ್ದಳು. ಆ ಬಾಗಿಲ ಒಳಗೆ ಆರು ಗಾಜಿನ ಪಾತ್ರೆಗಳು ಸಾಲಾಗಿದ್ದವು, ಬೆಚ್ಚಗಿನ ನೀರಿನಲ್ಲಿ ಕಡೆಗೋಲಿನಂಥ ಸರಳುಗಳು ತಿರುಗುತ್ತಿದ್ದವು. ಇಷ್ಟು ವರ್ಷ ಸಾಬಣ್ಣ ಅದನ್ನು ನೋಡಿ, ಲ್ಯಾಬಿನವರು ಚಹಾ ಕಾಸುತ್ತಾರೆ ಎಂದೇ ತಿಳಿದಿದ್ದ. ಆರು ಪಾತ್ರೆ ಚಹಾ ಯಾರು ಕುಡಿಯುತ್ತಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಅವನು ನಡೆದದ್ದನ್ನೆಲ್ಲ ಹೇಳಿದ. ಏನೂ ಮುಚ್ಚಿಡಲಿಲ್ಲ. ಗಾನವಿ ಬೈಯಲಿಲ್ಲ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಅವನು ಕಂಡ.

"ಅಕ್ಕ ಈಗ ಹೇಗಿದ್ದಾರೆ?"

"ಆರಾಮ ಅದಾಳ್ರಿ. ನಾಳಿಗೆ ಮನಿಗೆ ಬಿಡತಾರ. ನೀವು ನನಗ ಒಂದ ಹೇಳ್ರಿ ಅಕ್ಕಾರ. ಆ ಕಾಳ ಸಕ್ಕರಿ ಹೌದೋ ಅಲ್ಲೋ?"

"ಹೌದು ಅಣ್ಣಾ, ಸಕ್ಕರೆನೇ. ನೀವು ಕಂಡದ್ದು ಸುಳ್ಳಲ್ಲ. ಔಷಧಕ್ಕೆ ಕೂತ್ಕೊಳ್ಳೋಕೆ ಒಂದು ಜಾಗ ಬೇಕಲ್ಲ, ಅದಕ್ಕೆ ಒಳಗೆ ಸಕ್ಕರೆ ಕಾಳು. ಅದರ ಮೇಲೆ ಔಷಧದ ಪದರ. ಆಮೇಲೆ ಕೊನೇಲಿ ಹೊಡೀತಾರಲ್ಲ, ನೀವು ಬಣ್ಣ ಅಂದ್ರಲ್ಲ, ಅದು ಬಣ್ಣ ಅಲ್ಲ. ನಿಮ್ಮ ಮನೇಲಿ ನೀರಿನ ಡ್ರಮ್ಮು ಇದ್ಯಾ?"

"ಐತಿ. ಎರಡು ದಿನಕ್ಕ ಒಮ್ಮಿ ನೀರ ಬರ್ತೈತಿ."

"ಅದಕ್ಕೆ ನಲ್ಲಿ ಹಾಕ್ಸಿದ್ದೀರಾ?"

"ಹೌದ್ರಿ."

"ಆ ಕೊನೇ ಪದರ ನಲ್ಲಿ ಇದ್ದ ಹಾಗೆ. ಹೊಟ್ಟೆಯ ನೀರು ಅದರೊಳಗೆ ನಿಧಾನಕ್ಕೆ ಹೋಗತ್ತೆ, ಔಷಧ ನಿಧಾನಕ್ಕೆ ಹೊರಗೆ ಬರತ್ತೆ. ಹನ್ನೆರಡು ಗಂಟೆ ಬರತ್ತೆ. ನೀವು ಅರೆದಿರಲ್ಲ, ಡ್ರಮ್ಮನ್ನೇ ಉರುಳಿಸಿದ ಹಾಗಾಯ್ತು. ಮನೆಯೆಲ್ಲ ನೀರು. ಸಂಜೆಗೆ ಕುಡಿಯೋಕೆ ಒಂದು ಲೋಟ ಇಲ್ಲ."

ಬಾಯಿಮಾತು ಸಾಕಾಗದು ಎಂದು ಅವಳಿಗೆ ಅನಿಸಿರಬೇಕು. ಮೇಲಧಿಕಾರಿಯನ್ನು ಕೇಳಿ, ಅವನಿಗೆ ಬಿಳಿ ಕೋಟು ತೊಡಿಸಿ ಒಳಗೆ ಕರೆದಳು. ಅಂಥದ್ದೇ ಎರಡು ಕ್ಯಾಪ್ಸೂಲು ತೆಗೆದುಕೊಂಡಳು. ಒಂದನ್ನು ಇಡಿಯಾಗಿ ಮೊದಲ ಪಾತ್ರೆಗೆ ಬಿಟ್ಟಳು. ಇನ್ನೊಂದರ ಕಾಳುಗಳನ್ನು ಸಣ್ಣ ಖಲ್ಬತ್ತಿನಲ್ಲಿ ಅರೆದು ಎರಡನೆಯದಕ್ಕೆ ಹಾಕಿದಳು. ಹದಿನೈದು ನಿಮಿಷದ ನಂತರ ಎರಡರಿಂದಲೂ ಒಂದಿಷ್ಟು ನೀರು ತೆಗೆದು ಯಂತ್ರಕ್ಕೆ ಕೊಟ್ಟಳು.

"ಮೊದಲನೇದರಲ್ಲಿ ನೂರರಲ್ಲಿ ಹತ್ತು ಪಾಲೂ ಹೊರಗೆ ಬಂದಿಲ್ಲ. ಎರಡನೇದರಲ್ಲಿ ತೊಂಬತ್ತು ಪಾಲು ಬಂದುಬಿಟ್ಟಿದೆ. ಕಾಲು ಗಂಟೇಲಿ."

ಸಾಬಣ್ಣ ಎರಡನೆಯ ಪಾತ್ರೆಯನ್ನೇ ನೋಡುತ್ತ ನಿಂತ. ಅಂಥವು ನಾಲ್ಕು ಎಂದು ಮನಸ್ಸಿನಲ್ಲೇ ಅಂದುಕೊಂಡ. ಕೂರಲು ಕುರ್ಚಿ ಹುಡುಕಿದ.

"ನಾನು ಮಾಡೋ ಕೆಲಸ ಇದೇ ಅಣ್ಣಾ" ಎಂದಳು ಗಾನವಿ. "ಈ ಕಾಳಿಗಿಂತ ತುಂಬಾ ಸಣ್ಣ ಕಣಗಳು, ಕಣ್ಣಿಗೇ ಕಾಣಲ್ಲ. ಮೈಕ್ರೊ ಕಣ ಅಂತೀವಿ. ಸೂಜಿಯಲ್ಲಿ ಒಂದು ಸಲ ಕೊಟ್ರೆ ತಿಂಗಳುಗಟ್ಟಲೆ ಮೈಯಲ್ಲಿದ್ದು ದಿನಾ ಸ್ವಲ್ಪ ಸ್ವಲ್ಪ ಔಷಧ ಬಿಡೋ ಹಾಗೆ. ಕೆಲವು ಬಂದಿವೆ, ಕೆಲವು ಇನ್ನೂ ಪರೀಕ್ಷೆಯಲ್ಲಿವೆ. ಎಷ್ಟೋ ಜನ ಎಷ್ಟೋ ವರ್ಷ ಕೂತು ಯೋಚನೆ ಮಾಡೋದು ಒಂದೇ ವಿಷಯ, ಔಷಧ ಯಾವಾಗ ಬರಬೇಕು, ಎಷ್ಟು ಬರಬೇಕು. ಆ ಸಿಪ್ಪೆಯಲ್ಲೇ ನಮ್ಮ ವಿದ್ಯೆ ಎಲ್ಲ ಇರೋದು."

"ಹನ್ನೆರಡು ತಾಸ ಹಂಡೆ ತಿರುಗೂದು ಅದಕ್ಕೇನ್ರಿ?"

"ಅದಕ್ಕೇನೇ."

ಊಟದ ಬಿಡುವು ಮುಗಿದಿತ್ತು. ಸಾಬಣ್ಣ ಎದ್ದ. ಬಾಗಿಲ ತನಕ ಹೋದವನು ತಟ್ಟನೆ ನಿಂತ.

"ಅಕ್ಕಾರ, ಬಿ.ಪಿ. ಗುಳಿಗಿನೂ ಹಿಂಗ ಇರ್ತಾವೇನು?"

"ಕೆಲವು ಇರ್ತವೆ. ಅಂಥದ್ದನ್ನ ಪುಡಿ ಮಾಡಿದ್ರೆ ಬಿ.ಪಿ. ಒಮ್ಮೆಲೇ ಇಳಿದು ಬಿದ್ದುಬಿಡ್ತಾರೆ. ಯಾಕೆ ಕೇಳ್ತೀರಿ?"

ಸಾಬಣ್ಣ ಅರ್ಧ ದಿನದ ರಜೆ ಬರೆದುಕೊಟ್ಟು ಬಸ್ಸಿಗೆ ಓಡಿದ. ಆ ಬಸ್ಸು ಅಷ್ಟು ನಿಧಾನ ಎಂದು ಅವನಿಗೆ ಅವತ್ತೇ ಗೊತ್ತಾದದ್ದು. ಓಣಿಗೆ ಬಂದರೆ ಕಲ್ಯಾಣಪ್ಪ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ.

"ಕಾಕಾ, ಗುಳಿಗಿ ಅರದು ತಗೊಂಡ್ರೇನು?"

"ಯಾರು, ನಾನಾ?" ಮುದುಕ ನಿಧಾನವಾಗಿ ಎಲೆಗೆ ಸುಣ್ಣ ಹಚ್ಚಿದ. "ಅರಿಯಾಕ ಬ್ಯಾಸರ ಬಂತಪಾ. ಹಂಗ ನುಂಗೀನಿ. ಸಿಟ್ಟಾಗಬ್ಯಾಡ."

ಸಾಬಣ್ಣ ಅವನ ಪಕ್ಕದಲ್ಲಿ ಕುಳಿತು ಅತ್ತುಬಿಟ್ಟ. ಒಬ್ಬ ಮುದುಕನ ಸೋಮಾರಿತನಕ್ಕೆ ಇಷ್ಟು ಖುಷಿಪಟ್ಟವನ ಸುದ್ದಿಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಕಲ್ಯಾಣಪ್ಪ ಏನೂ ತಿಳಿಯದೆ ಅರ್ಧ ಎಲೆ ಹರಿದು ಅವನ ಕೈಗೂ ಕೊಟ್ಟ.

ಸುಗಲಮ್ಮ ಮನೆಗೆ ಬಂದ ಮೇಲೆ ಗಾನವಿ ಹೇಳಿದ್ದನ್ನೆಲ್ಲ ಸಾಬಣ್ಣ ಅವಳಿಗೆ ಹೇಳಿದ. ಅವಳು ಗೋಡೆಗೆ ಒರಗಿ ಕುಳಿತು ಕೇಳಿದಳು. ಕೇಳಿ ಮುಗಿಸಿ ಅಂದಳು:

"ಹಂಗಂದ್ರ ಕುಸುರೆಳ್ಳು ಮಾಡಿದಂಗ ಆತು."

"ಏನು?"

"ಸಂಕ್ರಾಂತಿಗೆ ಕುಸುರೆಳ್ಳು ಮಾಡೂದಿಲ್ಲೇನು? ಎಳ್ಳು ಪರಾತದಾಗ ಹಾಕಿ, ಸಣ್ಣ ಉರಿ ಇಟ್ಟು, ಸಕ್ಕರಿ ಪಾಕ ಒಂದೊಂದ ಹನಿ ಬಿಟಗೋತ, ಬೆರಳಿಲೆ ತಿರುವಿಗೋತ ಕುಂದರಬೇಕು. ಅವಸರ ಮಾಡಿ ಪಾಕ ಸುರದ್ರ ಮುದ್ದಿ ಆಗತೈತಿ. ಅಲ್ಲಿ ಎಳ್ಳು ಒಳಗ, ಸಕ್ಕರಿ ಹೊರಗ. ನಿಮ್ಮಲ್ಲಿ ಸಕ್ಕರಿ ಒಳಗ, ಔಷಧ ಹೊರಗ. ನಾಕು ದಿನ ಕುಂತು ಮಾಡಿದ ಕುಸುರೆಳ್ಳು ಯಾರರ ಕಲ್ಲಿಗೆ ಹಾಕಿ ಅರದ್ರ ನನಗ ಹೆಂಗ ಆಗಬ್ಯಾಡ?"

ಕಾರ್ಖಾನೆಯಲ್ಲಿ ಏಳು ವರ್ಷ ಚೀಲ ಹೊತ್ತವನಿಗೆ ಹೊಳೆಯದೇ ಹೋದದ್ದನ್ನು ಅವಳು ಗೋಡೆಗೆ ಒರಗಿ ಕುಳಿತಲ್ಲೇ ಹೇಳಿದ್ದಳು. ಅವತ್ತು ರಾತ್ರಿಯ ಗುಳಿಗೆಯನ್ನು, ಡಾಕ್ಟರು ಹೊಸದಾಗಿ ಕಡಿಮೆ ಪ್ರಮಾಣದಲ್ಲಿ ಬರೆದುಕೊಟ್ಟದ್ದನ್ನು, ಅವಳು ಇಡಿಯಾಗಿ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಸಾಬಣ್ಣ ಲೋಟ ಹಿಡಿದು ನಿಂತಿದ್ದ.

ಆ ಶುಕ್ರವಾರ ಶಿವದೇವಿಯ ಮನೆಯಲ್ಲಿ ಹೆಂಗಸರ ಸಂಘದ ಸಭೆ ಇತ್ತು. ಗೋದಾಬಾಯಿಯನ್ನೂ ಕರೆದಿದ್ದರು. ಆ ಸಭೆಗೆ ಗಂಡಸರು ಬರುವುದಿಲ್ಲ. ಸಾಬಣ್ಣ ಬಂದ. ನೀಲಿ ಅಂಗಿ ಇರಲಿಲ್ಲ, ಮನೆಯ ಬನಿಯನ್ನಿನಲ್ಲೇ ಬಂದಿದ್ದ. ಬಾಗಿಲಲ್ಲಿ ನಿಂತು, ಹೆಂಗಸರ ಮುಖ ನೋಡದೆ ಹೇಳಿದ:

"ನಾ ನಿಮಗೆಲ್ಲಾ ಔಷಧ ಹೇಳತಿದ್ದೆ. ನನಗ ಏನೂ ಗೊತ್ತಿಲ್ಲ. ಚೀಲ ಹೊರೂದು ಗೊತ್ತೈತಿ. ಇನ್ನ ಮ್ಯಾಲೆ ಯಾರೂ ನನ್ನ ಕೇಳಬ್ಯಾಡ್ರಿ. ದವಾಖಾನಿಗೆ ಹೋಗಿ ಕೇಳ್ರಿ. ಹಾದಿ ಗೊತ್ತಿಲ್ಲ ಅಂದ್ರ ಕರಕೊಂಡು ನಾ ಹೋಗತೀನಿ."

ಒಬ್ಬ ಹೆಂಗಸು ಕಿಸಕ್ಕೆಂದಳು. ಗದಿಗೆಮ್ಮ ಎಂಬ ಹಿರಿಯಳು ಅವಳನ್ನು ಸುಮ್ಮನಿರಿಸಿ ಕೇಳಿದಳು: "ಅಲ್ಲ ಬಾಯಿ, ನನಗ ಗುಳಿಗಿ ನುಂಗಾಕ ಬರೂದಿಲ್ಲ. ಗಂಟಲದಾಗ ನಿಲ್ಲತೈತಿ. ಅರೀದಿದ್ರ ನಾ ಏನ ಮಾಡ್ಲಿ?"

"ಅದನ್ನ ಡಾಕ್ಟರಿಗೆ ಹೇಳ್ರಿ" ಎಂದಳು ಗೋದಾಬಾಯಿ. "ನೀರೌಷಧ ಇರ್ತೈತಿ, ಬ್ಯಾರೆ ಗುಳಿಗಿ ಇರ್ತೈತಿ. ಕೆಲವೊಂದು ಕ್ಯಾಪ್ಸೂಲು ಬಿಚ್ಚಿ, ಕಾಳ ಹಂಗ ಮೆತ್ತನ್ನ ಅನ್ನದ ಮ್ಯಾಲೆ ಹಾಕಿ, ಅಗೀದೆ ನುಂಗಬಹುದು. ಕೆಲವೊಂದು ಬಿಚ್ಚಲೇಬಾರದು. ಯಾವುದು ಯಾವುದಂತ ನಿಮಗೂ ಗೊತ್ತಾಗೂದಿಲ್ಲ, ಸಾಬಣ್ಣಗೂ ಗೊತ್ತಾಗೂದಿಲ್ಲ. ಕೇಳಿದ್ರ ನಾವು ಹೇಳತೀವಿ. ಚೀಟಿ ಮ್ಯಾಲೆ ಎಸ್.ಆರ್., ಇ.ಆರ್., ಸಿ.ಆರ್. ಅಂತ ಏನರ ಬರದಿದ್ರ, ಅದು ಸಾವಕಾಶ ಕೆಲಸ ಮಾಡೂ ಗುಳಿಗಿ, ಅದನ್ನ ಅಂತೂ ಕಲ್ಲಿನ ಹತ್ತರ ಒಯ್ಯಲೇಬ್ಯಾಡ್ರಿ. ಏನೂ ಬರೀದಿದ್ರೂ ಒಮ್ಮೆ ಕೇಳೇ ಕೈ ಹಚ್ಚರಿ."

"ಕೇಳಿದ್ರ ಬೈತಾರಲ್ಲ" ಎಂದಳು ಗದಿಗೆಮ್ಮ.

"ಬೈದ್ರ ಬೈಸಿಕೋರಿ" ಎಂದಳು ಸುಗಲಮ್ಮ. ಅವಳು ಮೂಲೆಯಲ್ಲಿ ಕುಳಿತಿದ್ದಳು. ಬಾಗಿಲಲ್ಲಿ ನಿಂತ ಗಂಡನತ್ತ ಕೈ ತೋರಿಸಿದಳು. "ಇಂವ ಅವತ್ತ ಎಲ್ಲಾರ ಮುಂದ ಬೈಸಿಕೊಂಡಾನ. ನನ್ನ ಜೀವಕ್ಕಿಂತ ತನ್ನ ಮಾನ ದೊಡ್ಡದು ಅಂದಿದ್ರ ನಾ ಇವತ್ತ ಇಲ್ಲಿ ಕುಂದರತಿದ್ದಿಲ್ಲ. ಅರದದ್ದು ಇಂವನ ಖರೆ. ಕೈ ಅಡ್ಡ ಹಿಡದದ್ದೂ ಇಂವನ."

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಗುಳಿಗೆಯ ಡಬ್ಬಿ ಇರುತ್ತದೆ. ಒಮ್ಮೆ ತೆಗೆದು ನೋಡಿ. ಅದರಲ್ಲಿರುವ ಒಂದೊಂದು ಗುಳಿಗೆಗೂ ಅದರದೇ ಹೊತ್ತು ಇದೆ, ವೇಗ ಇದೆ. ನಿಧಾನವಾಗಿ ಕೆಲಸ ಮಾಡುವ ಗುಳಿಗೆ ಸೋಮಾರಿಯಲ್ಲ. ಹಗಲೆಲ್ಲ, ಇರುಳೆಲ್ಲ ನಿಮ್ಮನ್ನು ಕಾಯಲೆಂದು ಅದನ್ನು ಹಾಗೆ ಮಾಡಿದ್ದಾರೆ. ಡಾಕ್ಟರನ್ನೋ ನರ್ಸನ್ನೋ ಔಷಧದ ಅಂಗಡಿಯವರನ್ನೋ ಕೇಳದೆ ಅದನ್ನು ಅರೆಯಬೇಡಿ, ಮುರಿಯಬೇಡಿ, ಅಗಿಯಬೇಡಿ. ಹೇಳಿದ್ದಕ್ಕಿಂತ ಒಂದೂ ಹೆಚ್ಚು ತೆಗೆದುಕೊಳ್ಳಬೇಡಿ. ಎದೆ ಡವಡವ ಎನ್ನುತ್ತಿದ್ದರೆ, ಕೈ ನಡುಗುತ್ತಿದ್ದರೆ ಇನ್ನೊಂದು ಗುಳಿಗೆಗೆ ಕೈ ಹಾಕದೆ ದವಾಖಾನೆಗೆ ಓಡಿ.

ಮನೆಯಲ್ಲಿ ತಪ್ಪು ನಡೆದೇ ಹೋಗಿದೆಯೇ? ನಡೆಯುತ್ತದೆ, ಯಾರ ಮನೆಯಲ್ಲಾದರೂ ನಡೆಯುತ್ತದೆ. ಡಾಕ್ಟರು ಎಷ್ಟು ಕೊಟ್ಟಿರಿ, ಹೇಗೆ ಕೊಟ್ಟಿರಿ ಎಂದು ಕೇಳಿದಾಗ ಸುತ್ತ ಯಾರು ನಿಂತಿದ್ದಾರೆ ಎಂದು ನೋಡಬೇಡಿ. ಹಾಸಿಗೆಯ ಮೇಲೆ ಯಾರು ಮಲಗಿದ್ದಾರೆ ಎಂದು ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ.